ಹತ್ತೊಂಬತ್ತನೆಯ ಬಾಟಲಿ

ನೀಲವ್ವಕ್ಕಾ, ಆರು ವರ್ಷದ ಹಿಂದೆ ನಿಮ್ಮ ಅಂಗಳದಲ್ಲಿ ನಿಂತು ನಾನು ಹೇಳಿದ್ದು ಸುಳ್ಳು. ನಿಮ್ಮ ಮೂತ್ರದ ಪರೀಕ್ಷೆ ಚೆನ್ನಾಗಿ ಬಂದಿರಲಿಲ್ಲ. ನಾನು ಬಾಟಲಿ ತುಂಬಿಸಿಕೊಂಡ ಇಪ್ಪತ್ತನಾಲ್ಕು ಜನರಲ್ಲಿ ಕಸ ಸಾಯಿಸುವ ಎಣ್ಣೆಯ ಅಂಶ ಎಲ್ಲರಿಗಿಂತ ಹೆಚ್ಚು ಇದ್ದದ್ದು ನಿಮ್ಮ ಬಾಟಲಿಯಲ್ಲಿ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಇದನ್ನು ಬರೆಯಲು ಇದು ನಾಲ್ಕನೆಯ ಸಲ ಕುಳಿತಿದ್ದೇನೆ. ಮೊದಲ ಮೂರು ಸಲ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಬರಹ ತಾನಾಗಿಯೇ ಬೇರೆ ಕಡೆ ತಿರುಗಿತು — ನನಗೆ ಆಗ ಇಪ್ಪತ್ತೆರಡು ವರ್ಷ, ಹೊಸ ಕೆಲಸ, ಹೆದರಿಕೆ, ಹೀಗೆ. ಆ ಹಾಳೆಗಳನ್ನು ಹರಿದಿದ್ದೇನೆ. ಈ ಸಲ ಹಳೆಯ ದಿನಚರಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡಿದ್ದೇನೆ. ಅದರಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಇಲ್ಲದ್ದನ್ನೂ ಹೇಳುತ್ತೇನೆ.

ಆ ವರ್ಷ ಸಿರಸಂಗಿಯ ಕಡೆ ಆರಿದ್ರಾ ಮಳೆ ಚೆನ್ನಾಗಿ ಆಗಿತ್ತು. ಕಬ್ಬಿನ ಸಾಲುಗಳ ನಡುವೆ ಕಳೆಕಸ ಮೊಣಕಾಲುದ್ದ ಎದ್ದಿತ್ತು. ಕಸ ಕೀಳಲು ಆಳು ಸಾಲದೆ ಎಲ್ಲರೂ ಕಸ ಸಾಯಿಸುವ ಎಣ್ಣೆ ಹೊಡೆಸುತ್ತಿದ್ದರು. ಊರಿಂದೂರಿಗೆ ಹೋಗಿ ಎಣ್ಣೆ ಹೊಡೆಯುವ ನಿಮ್ಮ ಗ್ಯಾಂಗಿಗೆ ಒಂದು ದಿನವೂ ಬಿಡುವಿರಲಿಲ್ಲ. ಆಗ ಹೊರಗಿನಿಂದ ಒಬ್ಬ ಡಾಕ್ಟರ್ ಸಾಹೇಬರು ಬಂದರು. ಎಣ್ಣೆ ಹೊಡೆಯುವವರ ಮೈಯೊಳಗೆ ಅದು ಎಷ್ಟು ಇಳಿಯುತ್ತದೆ ಎಂದು ಮೂತ್ರದಿಂದ ಅಳೆಯಬೇಕು ಎಂಬುದು ಅವರ ಕೆಲಸ. ಅವರ ಜೀಪು ಓಡಿಸಲು ನೇಮಕವಾದವರು ನಮ್ಮ ಅಬ್ಬಾ. ಬಿ.ಎಸ್ಸಿ. ಮುಗಿಸಿ ಸವದತ್ತಿಯ ಮನೆಯಲ್ಲಿ ಸುಮ್ಮನೆ ಕುಳಿತಿದ್ದ ಮಗಳ ಬಗ್ಗೆ ದಾರಿಯಲ್ಲಿ ಅವರೇ ಮಾತು ಹಾಕಿದರು: 'ನಮ್ಮ ಮೈಮುನಾ ದಿನಾ ಡೈರಿ ಬರೀತಾಳ್ರಿ ಸಾಹೇಬ್ರ, ಮನ್ಯಾಗ ಎಷ್ಟ ಕಡ್ಡಿಪೆಟ್ಟಿಗಿ ಖರ್ಚ ಆದುವು ಅನ್ನೂದೂ ಬರೀತಾಳ.' ಆ ಮಾತಿನಿಂದಲೇ ನನಗೆ ಕೆಲಸ ಸಿಕ್ಕಿತು.

ಕೆಲಸ ನಿಮಗೆ ನೆನಪಿರಬಹುದು. ಒಬ್ಬೊಬ್ಬರಿಗೆ ಮುಚ್ಚಳವಿರುವ ಒಂದು ಬಿಳಿ ಕ್ಯಾನು. ಇವತ್ತು ಬೆಳಿಗ್ಗೆಯಿಂದ ನಾಳೆ ಬೆಳಿಗ್ಗೆಯವರೆಗೆ ಒಂದು ಹನಿಯನ್ನೂ ಹೊರಗೆ ಬಿಡದೆ ಅದರಲ್ಲೇ ಹಿಡಿಯಬೇಕು. ಮರುದಿನ ನಾನು ಬಂದು ಅಳೆದು, ಸಣ್ಣ ಬಾಟಲಿಗೆ ಸ್ವಲ್ಪ ಸುರಿದು, ನಂಬರು ಅಂಟಿಸಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಡುತ್ತಿದ್ದೆ. ಹನ್ನೆರಡು ಜನ ಹೊಡೆಯುವವರು, ಹನ್ನೆರಡು ಜನ ಹೊಡೆಯದವರು. ಏನೂ ಮುಟ್ಟದವರಲ್ಲಿ ಎಷ್ಟಿದೆ ಎಂದು ತಿಳಿಯದಿದ್ದರೆ ಮುಟ್ಟುವವರಿಗೆ ಎಷ್ಟು ಬಂತು ಎಂದು ತಿಳಿಯುವುದಿಲ್ಲ, ಆ ಹನ್ನೆರಡು ಜನ ತಕ್ಕಡಿಯ ಇನ್ನೊಂದು ತಟ್ಟೆ ಇದ್ದ ಹಾಗೆ — ಡಾಕ್ಟರ್ ಸಾಹೇಬರು ಇದನ್ನು ನನಗೆ ಎರಡು ಸಲ ಬಿಡಿಸಿ ಹೇಳಿದ್ದರು. ಅರ್ಥವಾಗಲಿಲ್ಲ ಎನ್ನುವ ಹಾಗಿಲ್ಲ. ಅರ್ಥವಾಗಿತ್ತು.

ಮೊದಲ ದಿನ ನೀವೆಲ್ಲ ನಕ್ಕದ್ದೇ ನಕ್ಕದ್ದು. ಶಾಲೆಯ ಟೀಚರನ್ನು ಕರೆಯುವ ಹಾಗೆ ನನಗೆ 'ಉಚ್ಚಿ ಅಕ್ಕೋರು' ಎಂದು ಹೆಸರಿಟ್ಟಿರಿ. ಗ್ಯಾಂಗಿನ ಗಂಡಸೊಬ್ಬ, 'ಅಕ್ಕೋರ, ನಮ್ಮ ಎಮ್ಮಿದೂ ಒಂದೀಟ ಹಾಕ್ಲೇನ್ರಿ, ಕ್ಯಾನ್ ಲಗೂ ತುಂಬತೈತಿ' ಅಂದ. ಹೆಂಗಸರು ಕ್ಯಾನನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಮುಖ ಆಚೆ ತಿರುಗಿಸಿ ನನ್ನ ಕೈಗೆ ಕೊಡುತ್ತಿದ್ದರು. ನೀವೊಬ್ಬರೇ ತಲೆಯ ಮೇಲೆ ನೀರಿನ ಕೊಡದ ಹಾಗೆ ಹೊತ್ತು ತಂದು ನನ್ನ ಮುಂದೆ ಇಳಿಸಿದಿರಿ.

'ತಗೋರಿ ಅಕ್ಕೋರ. ಮೂವತ್ತ ವರ್ಷ ಬಾಳೇವ್ ಮಾಡೇನಿ, ನನ್ನ ಗಂಡ ಒಂದ ದಿನಾ ಕೇಳಿಲ್ಲ ನಿನ್ನ ಹೊಟ್ಟ್ಯಾಗ ಏನೈತಿ ಅಂತ. ನೀವರ ಕೇಳಿದ್ರೆಲ್ಲ.' ಆಮೇಲೆ ದನಿ ತಗ್ಗಿಸಿ, 'ಕೆಲಸ ಮುಗದ ಮ್ಯಾಲೆ ಈ ಕ್ಯಾನ್ ನನಗ ಕೊಟ್ಟ ಹೋಗ್ರಿ. ಮುಚ್ಚಳ ಬಿಗಿ ಐತಿ, ಚಿಮಣಿ ಎಣ್ಣಿಗೆ ಚಲೋ ಆಗತೈತಿ.'

ನಿಮಗೆ ಕೊಟ್ಟ ನಂಬರು ಹತ್ತೊಂಬತ್ತು. ಹದಿಮೂರರಿಂದ ಇಪ್ಪತ್ತನಾಲ್ಕರವರೆಗೆ ಹೊಡೆಯದವರು. ನೀವು ಹೊಡೆಯದವರ ಸಾಲಿನಲ್ಲಿದ್ದಿರಿ.

ಅಲ್ಲಿ ನೀವು ಹೇಗೆ ಬಂದಿರಿ ಎಂಬುದೇ ನನ್ನ ಮೊದಲ ತಪ್ಪು. ಫಾರ್ಮಿನಲ್ಲಿ ಎರಡು ಪ್ರಶ್ನೆಗಳಿದ್ದವು. ಮೊದಲನೆಯದು: ಎಣ್ಣೆ ಹೊಡೆಯುತ್ತೀರಾ? 'ಇಲ್ರಿ, ಪಂಪ್ ಬೆನ್ನಿಗೆ ಹಾಕ್ಕೊಳ್ಳೂದು ಗಂಡಸರ ಕೆಲಸ' ಎಂದಿರಿ. ಅದು ನಿಜ. ಎರಡನೆಯದು: ಎಣ್ಣೆ ಬೆರೆಸುವುದು, ಪಂಪು ತೊಳೆಯುವುದು, ಹೊಡೆದವರ ಬಟ್ಟೆ ಒಗೆಯುವುದು, ಇವುಗಳಲ್ಲಿ ಯಾವುದಾದರೂ ಮಾಡುತ್ತೀರಾ? ಇದನ್ನು ನಾನು ಕೇಳಲೇ ಇಲ್ಲ. ನಿಮ್ಮ ಗ್ಯಾಂಗಿನ ಐದು ಹೆಂಗಸರಲ್ಲಿ ಒಬ್ಬರಿಗೂ ಕೇಳಲಿಲ್ಲ. ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು, ನನಗೂ ನಾಚಿಕೆ, ಬೇಗ ಮುಗಿದರೆ ಸಾಕಾಗಿತ್ತು. ಹೊಡೆಯುವುದಿಲ್ಲ ಎಂದ ಮೇಲೆ ಇನ್ನೇನು ಮಾಡುತ್ತಾರೆ ಎಂದುಕೊಂಡು ಐದೂ ಫಾರ್ಮುಗಳಲ್ಲಿ 'ಇಲ್ಲ' ಎಂದು ಗುರುತು ಹಾಕಿದೆ. ನೀಟಾಗಿ ಹಾಕಿದೆ. ಆ ದಿನದ ದಿನಚರಿಯಲ್ಲಿ ಹೀಗಿದೆ: 'ಮಂಗಳವಾರ. ಹೊಡೆಯುವವರು ೧೨. ಹೊಡೆಯದವರು ೧೨. ಫಾರ್ಮು ೨೪, ಎಲ್ಲ ಪೂರ್ತಿ.'

ನಾಲ್ಕನೆಯ ದಿನ, ಶುಕ್ರವಾರ, ನಾನು ಗಂಡಸರ ಕ್ಯಾನು ತರಲು ಹೊಲಕ್ಕೇ ಬಂದೆ. ಬೋರಿನ ಹತ್ತಿರ ಬ್ಯಾರಲ್ಲು ಇತ್ತು. ಹೆಂಗಸರು ಕೊಡದಿಂದ ನೀರು ತಂದು ಅದಕ್ಕೆ ಸುರಿಯುತ್ತಿದ್ದರು. ನೀವು ಎಣ್ಣೆಯ ಡಬ್ಬಿಯ ಮುಚ್ಚಳದಲ್ಲೇ ಎಣ್ಣೆ ಅಳೆದು ಹಾಕಿದಿರಿ. ಆಮೇಲೆ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು, ಬಲಗೈಯನ್ನು ಮೊಣಕೈ ದಾಟುವವರೆಗೆ ಬ್ಯಾರಲ್ಲಿನಲ್ಲಿ ಇಳಿಸಿ ತಿರುವಿದಿರಿ. ಅಂಬಲಿ ತಿರುವುವ ಹಾಗೆ — ನಿಧಾನವಾಗಿ, ತಳದಿಂದ.

ನಾನು ಕೇಳಿದೆ, 'ಅಕ್ಕಾ, ಕೋಲಿಲೆ ತಿರುವಬಾರದೇನ್ರಿ?'

'ಕೋಲ ಇತ್ತಲ್ರಿ ಮೊದಲ. ತಿರುವಿ ಅಲ್ಲೇ ಬದುವಿನ ಮ್ಯಾಲೆ ಒಗದ ಹೋದ್ವಿ. ಹನಮವ್ವನ ಆಡ ಬಂದ ಆ ಕೋಲ ನೆಕ್ಕಿತ್ರಿ, ಸಂಜಿಕ ಸತ್ತೇಬಿಡ್ತು. ಕೋಲ ಯಾರ ತೊಳೀತಾರ, ಯಾರ ಕಾಯ್ತಾರ? ಕೈಯಾದ್ರ ನಮ್ಮ ಸಂಗಾಟನ ಇರತೈತಿ. ತೊಳಕೊಂಡ್ರ ಆತು.'

ಉಳಿದ ನಾಲ್ವರೂ ತಲೆಯಾಡಿಸಿದರು. ಆಡು ಸತ್ತ ದಿನದಿಂದ ನಿಮ್ಮ ಗ್ಯಾಂಗಿನಲ್ಲಿ ಕೋಲು ಮುಟ್ಟಬಾರದು ಎಂದು ಮಾತಾಗಿತ್ತು. ಸರದಿಯ ಮೇಲೆ ಒಬ್ಬೊಬ್ಬರು ಕೈ ಹಾಕುತ್ತಿದ್ದಿರಿ. ಬೇರೆಯವರ ಆಡಿಗೆ ತೊಂದರೆ ಆಗಬಾರದು ಎಂದು.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ತಕ್ಕಡಿಯ ಇನ್ನೊಂದು ತಟ್ಟೆ ಎಂದು ಇಟ್ಟುಕೊಂಡಿದ್ದ ಹನ್ನೆರಡರಲ್ಲಿ ಐದು ಜನ ಬ್ಯಾರಲ್ಲಿನಲ್ಲಿ ಕೈ ಹಾಕುವವರು. ಅವರ ಬಾಟಲಿಗಳು ಆಗಲೇ ಜೀಪಿನ ಪೆಟ್ಟಿಗೆಯಲ್ಲಿದ್ದವು. ಡಾಕ್ಟರ್ ಸಾಹೇಬರಿಗೆ ಹೇಳಿದ್ದರೆ ಆಗುತ್ತಿತ್ತು. ಐದು ಫಾರ್ಮು ತಿದ್ದಿ, ಏನೂ ಮುಟ್ಟದ ಬೇರೆ ಐದು ಜನರನ್ನು ಹುಡುಕಬೇಕಿತ್ತು — ಎರಡು ದಿನದ ಕೆಲಸ, ಹೆಚ್ಚೆಂದರೆ ಮೂರು. ಅಷ್ಟೇ.

ಜೀಪಿನಲ್ಲಿ ಅಬ್ಬಾ ನನ್ನ ಮುಖ ನೋಡಿ ಕೇಳಿದರು, 'ಯಾಕ ಬೇಟಾ, ಬಾಟ್ಲಿ ಒಡದ್ಯೇನು?'

'ಇಲ್ಲಬ್ಬಾ. ಎಲ್ಲಾ ಬರೋಬರಿ ಅದಾವ.'

ನನ್ನ ದಿನಚರಿಯಲ್ಲಿ ಅಲ್ಲಿಯವರೆಗೆ ಹೊಡೆದುಹಾಕಿದ ಒಂದು ಸಾಲೂ ಇರಲಿಲ್ಲ. ಅದನ್ನು ಡಾಕ್ಟರ್ ಸಾಹೇಬರು ನೋಡಿ ಮೆಚ್ಚಿದ್ದರು. ಕಾರಣ ಇಷ್ಟು ಸಣ್ಣದು ಎಂದು ಬರೆಯಲು ಕೈ ಬರುವುದಿಲ್ಲ — ಆದರೆ ಎಷ್ಟು ಹುಡುಕಿದರೂ ಇದಕ್ಕಿಂತ ದೊಡ್ಡ ಕಾರಣ ಸಿಗುತ್ತಿಲ್ಲ. ಆ ದಿನದ ಸಾಲು ಓದುತ್ತೇನೆ: 'ಶುಕ್ರವಾರ. ಬಾಟಲಿ ೨೪. ಸೋರಿದ್ದು ೦. ಒಡೆದದ್ದು ೦.' ಬ್ಯಾರಲ್ಲಿನ ಬಗ್ಗೆ ಒಂದು ಅಕ್ಷರವೂ ಇಲ್ಲ. ಕಡ್ಡಿಪೆಟ್ಟಿಗೆ ಬರೆದಿಡುವವಳು ನಾನು.

ಫಲಿತಾಂಶ ಬರುವಷ್ಟರಲ್ಲಿ ಬಿಳಿಜೋಳದ ಬಿತ್ತಿಗೆ ಮುಗಿದಿತ್ತು. ಡಾಕ್ಟರ್ ಸಾಹೇಬರು ಸವದತ್ತಿಗೆ ಬಂದು, ಬಾಡಿಗೆ ಕೋಣೆಯಲ್ಲಿ ಕಾಗದ ಹರಡಿಕೊಂಡು ಕುಳಿತಿದ್ದರು. ನನ್ನನ್ನು ಕರೆದು ಒಂದು ಸಾಲಿನ ಮೇಲೆ ಪೆನ್ನಿಟ್ಟರು.

'ಹತ್ತೊಂಬತ್ತು — ಯಾರಮ್ಮ ಇದು? ಪಂಪ್ ಹೊರುವ ಗಂಡಸರಿಗಿಂತಲೂ ಜಾಸ್ತಿ ಇದೆಯಲ್ಲ. ಈಕೆ ಔಷಧಿ ಮುಟ್ಟುತ್ತಾರಾ?'

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಹೇಳಲು ಇಷ್ಟು ಸುಲಭವಾದ ಗಳಿಗೆ ಮತ್ತೆ ಬರುವುದಿಲ್ಲ ಎಂದು ಆಗಲೇ ಅನ್ನಿಸಿತು.

'ಇಲ್ಲ ಸರ್.'

'ಹಾಗಾದರೆ ಬಾಟಲಿ ಅದಲುಬದಲಾಗಿರಬೇಕು.'

'ಆಗಿರಬಹುದು ಸರ್.'

'ಪರವಾಗಿಲ್ಲ. ಇಷ್ಟು ಕೆಲಸದಲ್ಲಿ ಒಂದು ಹೀಗಾಗುತ್ತೆ' ಎಂದು ಅವರೇ ನನಗೆ ಸಮಾಧಾನ ಹೇಳಿ, ಹತ್ತೊಂಬತ್ತರ ಮೇಲೆ ಸ್ಕೇಲಿಟ್ಟು ಗೆರೆ ಎಳೆದರು. ಮಾಡಿದ ತಪ್ಪನ್ನು ಮುಚ್ಚಲು ಮಾಡದ ತಪ್ಪೊಂದನ್ನು ಒಪ್ಪಿಕೊಂಡೆ. ಅದಕ್ಕೆ ಕ್ಷಮೆಯೂ ಸಿಕ್ಕಿತು. ಆ ಕ್ಷಮೆ ಇನ್ನೂ ನನ್ನ ಹತ್ತಿರವೇ ಇದೆ, ಯಾರಿಗೂ ಮರಳಿಸಲಾಗದೆ.

ಉಳಿದ ನಾಲ್ಕು ಹೆಂಗಸರ ಅಂಕಿ ನಿಮ್ಮಷ್ಟು ಎದ್ದು ಕಾಣುವಂತಿರಲಿಲ್ಲ. ಅವು ಹೊಡೆಯದವರ ಲೆಕ್ಕದಲ್ಲೇ ಸೇರಿದವು. ಆ ತಟ್ಟೆ ಭಾರವಾದ್ದರಿಂದ, ಹೊಡೆಯುವವರಿಗೂ ಹೊಡೆಯದವರಿಗೂ ವ್ಯತ್ಯಾಸ ಅಷ್ಟೇನಿಲ್ಲ ಎಂದು ಕಾಗದದಲ್ಲಿ ಬಂತು. ಡಾಕ್ಟರ್ ಸಾಹೇಬರು ಸುಳ್ಳು ಬರೆಯಲಿಲ್ಲ. ನಾನು ಕೊಟ್ಟದ್ದನ್ನು ಕೂಡಿಸಿ ಕಳೆದು ಬರೆದರು.

ಪ್ರತಿಯೊಬ್ಬರ ಮನೆಗೂ ಹೋಗಿ ಅವರವರ ಫಲಿತಾಂಶ ತಿಳಿಸಿ ಬಾ ಎಂದು ನನಗೆ ಹೇಳಿದರು. ಹತ್ತೊಂಬತ್ತರವರಿಗೆ, ಬಾಟಲಿ ಕೆಟ್ಟಿತ್ತು ಎಂದು ಹೇಳಿದರೆ ಸಾಕು ಎಂದರು.

ನಿಮ್ಮ ಮನೆಗೆ ಕೊನೆಗೆ ಬಂದೆ. ಬೇಕೆಂದೇ ಕೊನೆಗೆ ಉಳಿಸಿದ್ದೆ. ನೀವು ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಿರಿ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು — ಲಯ ತಪ್ಪದೆ, ಜೋರಾಗಿ. ಸೊಸೆ ಬಂದು ಹದಿನೈದು ದಿನ ಆಗಿತ್ತು. ನೀವು ಹೆಮ್ಮೆಯಿಂದ ಹೇಳಿದಿರಿ, 'ಕಟಕೋಳದಿಂದ ತಂದೇವ್ರಿ. ರತ್ನಾ ಅಂತ. ಏಳನೇತ್ತಾ ಕಲ್ತಾಳ. ಸಪ್ಪಳ ಕೇಳ್ರಿ, ಅದರ ಮ್ಯಾಲೆ ಗೊತ್ತಾಗತೈತಿ ಎಂಥಾ ರೊಟ್ಟಿ ಅಂತ.' ಆಮೇಲೆ ಶೇಂಗಾ ಬಿಟ್ಟು, ಕೈ ಒರೆಸಿಕೊಂಡು ಕೇಳಿದಿರಿ.

'ನಂದು ಏನ್ ಬಂತ್ರಿ ಅಕ್ಕೋರ? ಖರೇ ಹೇಳ್ರಿ. ನಾ ಯಾಕ ಕೇಳತೇನಂದ್ರ, ನನ್ನ ಕೈ ಈಗ ನೋಯ್ತಾವು, ಸೊಸಿನ್ನ ನನ್ನ ಬದಲಿ ಎಣ್ಣಿ ತಿರುವಾಕ ಕರಕೊಂಡ ಹೋಗ ಅಂತ ಮನ್ಯಾಗ ಅನ್ನಾಕತ್ತಾರ. ನಾನ ಬ್ಯಾಡ ಅಂದೇನಿ. ಪರೀಕ್ಷೆ ಬರಲಿ, ಅಕ್ಕೋರ ಏನಂತಾರ ನೋಡೂಣು ಅಂದೇನಿ.'

ಮನೆಯಲ್ಲಿ ನಿಮ್ಮ ಮಾತು ನಡೆಯಲು ನನ್ನ ಒಂದು ಮಾತು ಬೇಕಿತ್ತು. ಅದಕ್ಕಾಗಿ ನೀವು ಅಷ್ಟು ದಿನ ಕಾದಿದ್ದಿರಿ.

'ನಿಮ್ಮ ಬಾಟ್ಲಿ ಕೆಟ್ಟಿತ್ತಂತ್ರಿ—' ಎಂದು ಶುರು ಮಾಡಿದೆ.

ನೀವು ಅದನ್ನು ಪೂರ್ತಿ ಕೇಳಲೂ ಇಲ್ಲ. 'ಅಷ್ಟ ಹೌದಲ್ರಿ, ಮತ್ತೊಮ್ಮೆ ಕೊಡ್ತೇನಿ. ಕ್ಯಾನ್ ನಿಮ್ಮದ ಇಲ್ಲೇ ಐತಿ, ಇನ್ನೂ ಚಿಮಣಿ ಎಣ್ಣಿ ಹಾಕಿಲ್ಲ' ಎಂದು ಎದ್ದು ಒಳಗೆ ಹೋದಿರಿ. ಕ್ಯಾನು ಹಿಡಿದು ಹೊರಗೆ ಬಂದಿರಿ. ತೊಳೆದು ಬೋರಲು ಹಾಕಿಟ್ಟಿದ್ದಿರಿ ಎಂದು ಕಾಣುತ್ತದೆ, ಫಳಫಳ ಹೊಳೆಯುತ್ತಿತ್ತು.

ಮತ್ತೊಮ್ಮೆ ಕೊಟ್ಟರೆ ಮತ್ತೊಮ್ಮೆ ಅಳೆಯಬೇಕು. ಮತ್ತೊಮ್ಮೆ ಅಷ್ಟೇ ಬಂದರೆ—

'ಬ್ಯಾಡ್ರಿ ಅಕ್ಕಾ. ನಿಮ್ಮದು ಚಲೋ ಐತಿ.'

ನೀವು ಕ್ಯಾನನ್ನು ಕೆಳಗಿಟ್ಟಿರಿ. ಕೆಟ್ಟಿತ್ತು ಎಂದವಳು ಚಲೋ ಐತಿ ಎನ್ನುತ್ತಾಳಲ್ಲ ಎಂದು ಬೇರೆ ಯಾರಾದರೂ ಆಗಿದ್ದರೆ ಕೇಳುತ್ತಿದ್ದರು. ನೀವು ಕೇಳಲಿಲ್ಲ. ನನ್ನನ್ನು ಅಕ್ಕೋರು ಎಂದು ಕರೆಯುತ್ತಿದ್ದಿರಿ, ಅದಕ್ಕೆ. 'ಹಂಗಾರ ಆತ್ ಬಿಡ್ರಿ' ಎಂದು ಒಳಗೆ ತಿರುಗಿ, 'ಏ ರತ್ನಾ, ಅಕ್ಕೋರಿಗೆ ಒಂದ ಬಿಸಿ ರೊಟ್ಟಿ ತಾ' ಎಂದಿರಿ. ನಾನು ಆ ರೊಟ್ಟಿಯನ್ನು ತಿಂದೆ, ನೀಲವ್ವಕ್ಕಾ. ಎದ್ದು ಬರಲಿಲ್ಲ. ಕೂತು ಪೂರ್ತಿ ತಿಂದೆ.

ಆ ದಿನದ ದಿನಚರಿ: 'ತಿಳಿಸಿದ್ದು ೨೪. ಉಳಿದದ್ದು ೦.'

ಈಗ ನಾನು ಸವದತ್ತಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಈಗ ನಿಜವಾಗಿಯೂ ಅಕ್ಕೋರು. ದಿನಚರಿ ಬರೆಯುವುದು ಬಿಟ್ಟಿಲ್ಲ, ಹಿಂದಿನ ಹುಮ್ಮಸ್ಸಿಲ್ಲ. ಆ ಕೆಲಸ ಮುಗಿದ ಮೇಲೆ ನಿಮ್ಮನ್ನು ನೆನೆದದ್ದು ಎಷ್ಟು ಸಲ ಎಂದು ಎಣಿಸಿಲ್ಲ. ಮರೆತು ಇದ್ದ ದಿನಗಳೇ ಹೆಚ್ಚು. ಇದನ್ನೂ ಹೇಳಬೇಕು. ರಾತ್ರಿಯೆಲ್ಲ ನಿದ್ದೆಗೆಟ್ಟೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ.

ಹೋದ ತಿಂಗಳು ಸವದತ್ತಿಯ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳು, 'ಅಕ್ಕೋರ, ಗುರ್ತ ಸಿಗ್ಲಿಲ್ಲೇನ್ರಿ?' ಎಂದು ನಿಲ್ಲಿಸಿದಳು. ರತ್ನಾ. ಮಗಳನ್ನು ಕಂಕುಳಲ್ಲಿ ಎತ್ತಿಕೊಂಡಿದ್ದಳು. ಬಲಗೈ ಸೆರಗಿನೊಳಗಿತ್ತು. ಮಗು ಜಾರಿದಾಗ ಹಿಡಿಯಲು ಕೈ ಹೊರಗೆ ತೆಗೆದಳು, ಆಗ ನೋಡಿದೆ. ಐದೂ ಬೆರಳಿನ ಉಗುರು ಹಳದಿಯಾಗಿ, ಎದ್ದು, ಎರಡು ಬುಡದಿಂದಲೇ ಹೋಗಿದ್ದವು. ಬೆರಳ ಸಂದಿನಲ್ಲಿ ಚರ್ಮ ಒಡೆದಿತ್ತು.

ಅವಳೇ ನಕ್ಕಳು. 'ರೊಟ್ಟಿ ಬಡ್ಯಾಕ ಬರೂದಿಲ್ರಿ ಈಗ. ಹಿಟ್ಟ ಹತ್ತಿದ್ರ ಉರೀತೈತಿ. ಅತ್ತಿನ ಬಡೀತಾರ, ನಾ ಬೇಸತೇನಿ. ಉಲ್ಟಾ ಆಗೇತ್ರಿ ನಮ್ಮ ಮನ್ಯಾಗ.'

'ಡಾಕ್ಟರಿಗೆ ತೋರಿಸಿದ್ಯೇನ?'

'ಹುಳಕಡ್ಡಿ ಅಂತ ಮುಲಾಮ ಕೊಟ್ಟಾರ್ರಿ. ಯಾರೋ ಎಣ್ಣಿದ ಇರಬೇಕ ಅಂದ್ರು. ಅತ್ತಿ ಒಪ್ಪೂದಿಲ್ಲ. ಉಚ್ಚಿ ಅಕ್ಕೋರು ಪರೀಕ್ಷೆ ಮಾಡಿ ಚಲೋ ಐತಿ ಅಂತ ಹೇಳಿ ಹೋಗ್ಯಾರ, ನಾ ಇಷ್ಟ ವರ್ಷ ಕೈ ಹಾಕಿದ್ರೂ ನನಗ ಏನೂ ಆಗಿಲ್ಲ, ಇದು ಬ್ಯಾರೆ ಏನೋ ಐತಿ ಅಂತಾರ.'

'ಈಗೂ ನೀನ ತಿರುವತೀಯೇನು?'

'ಮತ್ಯಾರ್ರಿ?'

ಬಸ್ಸು ಬಂತು. ಅವಳು ಹತ್ತಿ ಕಿಟಕಿಯಿಂದ ಕೈ ಬೀಸಿದಳು — ಎಡಗೈ.

ರತ್ನಾಳ ಕೈ ಎಣ್ಣೆಯಿಂದಲೇ ಕೆಟ್ಟಿತು ಎಂದು ನಾನು ಖಚಿತವಾಗಿ ಹೇಳಲಾರೆ. ನಾನು ಡಾಕ್ಟರಲ್ಲ. ಆದರೆ ಆ ಕೈಯನ್ನು ಬ್ಯಾರಲ್ಲಿಗೆ ಕಳಿಸಬಾರದು ಎಂದು ನೀವು ತಡೆದು ನಿಂತಿದ್ದಿರಿ. ನಿಮ್ಮನ್ನು ಪಕ್ಕಕ್ಕೆ ಸರಿಸಿದ್ದು ನನ್ನ ಮಾತು. ಇದು ಖಚಿತ. ಆರು ವರ್ಷದಿಂದ ಆ ಮನೆಯಲ್ಲಿ ನನ್ನ ಮಾತು ಸಾಕ್ಷಿಯಾಗಿ ಕೂತಿದೆ. ನಿಜ ಹೇಳಿದವರನ್ನೂ ಅದು ಬಾಗಿಲಿಂದಲೇ ಹಿಂದಕ್ಕೆ ಕಳಿಸುತ್ತಿದೆ.

ಡಾಕ್ಟರ್ ಸಾಹೇಬರ ಹಳೆಯ ವಿಳಾಸಕ್ಕೆ ಸೋಮವಾರ ಕಾಗದ ಹಾಕಿದ್ದೇನೆ. ಐದು ಫಾರ್ಮು ತಪ್ಪು, ಐದೂ ನಾನೇ ಹಾಕಿದ ಗುರುತು, ಬಾಟಲಿ ಅದಲುಬದಲಾಗಿರಲಿಲ್ಲ ಎಂದು ಬರೆದಿದ್ದೇನೆ. ಉತ್ತರ ಬಂದಿಲ್ಲ, ಬರುತ್ತದೋ ಇಲ್ಲವೋ. ಹಳೆಯ ದಿನಚರಿಯಲ್ಲಿ ಆ ಮಂಗಳವಾರದ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಬರೆದೆ: 'ಎಣ್ಣೆ ಮುಟ್ಟುವವರು ೧೭. ಮುಟ್ಟದವರು ೭.' ಹೊಡೆದುಹಾಕಲು ಒಂದು ನಿಮಿಷವೂ ಹಿಡಿಯಲಿಲ್ಲ.

ಇಲ್ಲಿಯವರೆಗೆ ಬರೆದು, ಮಡಚಿ, ಲಕೋಟೆಯ ಮೇಲೆ ನಿಮ್ಮ ಹೆಸರು ಬರೆಯುವಾಗ ಒಂದು ಮಾತು ಹೊಳೆಯಿತು. ನಿಮಗೆ ಓದಲು ಬರುವುದಿಲ್ಲ. ಮನೆಗೆ ಬಂದ ಕಾಗದವನ್ನು ಓದಿ ಹೇಳುವವಳು ರತ್ನಾ. ಆ ಕೈಯಲ್ಲೇ ಈ ಹಾಳೆ ಹಿಡಿದು, ತನ್ನ ಬಾಯಿಂದಲೇ ಅವಳು ಇದನ್ನು ನಿಮಗೆ ಓದಬೇಕಾಗುತ್ತದೆ. ನನ್ನ ಕೆಲಸವನ್ನು ಮತ್ತೆ ಅವಳ ಮೇಲೆ ಹಾಕಿದ ಹಾಗಾಗುತ್ತದೆ.

ಅದಕ್ಕೆ ಇದನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ. ಅಂಗಳದಲ್ಲಿ ನಿಂತು ಓದುತ್ತೇನೆ. ಓದಿ ಮುಗಿಯುವವರೆಗೆ ಕುಂತ್ರಿ ಎನ್ನಬೇಡಿ, ನೀರು ಕೊಡಬೇಡಿ. ನೀವು ಏನು ಅಂದರೂ ಅದನ್ನು ದಿನಚರಿಯಲ್ಲಿ ಬರೆದಿಡುವುದಿಲ್ಲ. ಹಾಳೆಗಳು ಬಹಳ ಇವೆ, ಓದಿ ಮುಗಿಸಲು ಹೊತ್ತು ಹಿಡಿಯುತ್ತದೆ. ಆದ್ದರಿಂದ ಬಾಗಿಲಿಗೆ ಬಂದ ಕೂಡಲೆ, ರತ್ನಾಳೂ ಕೇಳುವ ಹಾಗೆ, ಮೊದಲು ಇಷ್ಟು ಹೇಳಿಬಿಡುತ್ತೇನೆ:

ಅಕ್ಕಾ, ನಿಮ್ಮದು ಚಲೋ ಇರಲಿಲ್ರಿ.